ಕೆರೆ ಏರಿಯ ತಿರುವಿನಲ್ಲಿ ಹುರುಳಿ

ಹೋದ ಮಾಗಿಯಲ್ಲಿ ಕುಶಾಲನಗರದ ಒಂದು ಮದುವೆಗೆಂದು ಬಾಡಿಗೆ ಕಾರಿನಲ್ಲಿ ಹೊರಟಿದ್ದೆ. ಹುಣಸೂರು ದಾಟಿ, ಕಂಪಲಾಪುರ ಇನ್ನೂ ಎರಡು ಮೂರು ಮೈಲಿ ಇರುವಾಗ ಚಕ್ರದ ಕೆಳಗೆ ಚಟಪಟ ಸದ್ದಾಯಿತು. ಕಾರಿನ ಅಡಿಗೆ ಏನೋ ಉಜ್ಜಿದಂತಾಯಿತು. ಹಿಂದೆಯೇ ಆ ವಾಸನೆ ಬಂತು: ಬಿಸಿಲಿಗೆ ಕಾದ ಟಾರು, ಇಂಜಿನ್ನಿನ ಕಾವಿಗೆ ತಗುಲಿದ ಒಣ ಬಳ್ಳಿ, ಅರೆದ ಹುರುಳಿಯ ಒಗರು. "ರೋಡು ಇವರಪ್ಪಂದು ಅಂದ್ಕೊಂಡವ್ರೆ" ಎಂದು ಡ್ರೈವರ್ ಗೊಣಗಿದ. ಬಲಕ್ಕೆ ಕೆರೆ, ಎಡಕ್ಕೆ ಬಾಗುವ ಏರಿ. ನಾನು ಕಾರು ನಿಲ್ಲಿಸು ಅಂದೆ. ಈ ತಿರುವಿಗೆ ಹೆದರಿ, ಕೊಡಗಿಗೆ ಹೋಗಬೇಕಾದಾಗಲೆಲ್ಲ ಕೆ.ಆರ್. ನಗರದ ಮೇಲೆ ಸುತ್ತಿ ಹೋದವನು ನಾನು. ಅವತ್ತು ಮಾತಿನ ಗುಂಗಿನಲ್ಲಿ ದಾರಿ ಹೇಳುವುದನ್ನು ಮರೆತಿದ್ದೆ.

ಎಪ್ಪತ್ತನಾಲ್ಕರಲ್ಲಿ ನನಗೆ ಇಪ್ಪತ್ತಮೂರು ವರ್ಷ. ಮೈಸೂರಿನಲ್ಲಿ ಓದು ಮುಗಿಸಿ, ಆ ಏರಿಯ ಪಕ್ಕದ ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ಗೊತ್ತು, ಬೇರೆಯವರಿಗೆ ಬೇಕಿಲ್ಲ. ಶಾಲೆಯ ಲ್ಯಾಬು ಎಂದರೆ ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ಅದರೊಳಗೆ ಒಂದು ಇಳಿಜಾರು ಹಲಗೆ, ನಾಲ್ಕು ತೂಕದ ಬಟ್ಟು, ಒಂದು ಬಿರುಕು ಬಿಟ್ಟ ಮಸೂರ. ಸಾಮಾನು ಕಡಿಮೆಯಿದ್ದಷ್ಟೂ ನನ್ನ ಬಾಯಿ ಜೋರಾಯಿತು. ಯಾವುದನ್ನು ಕಂಡರೂ ವಿವರಿಸುವ ಚಪಲ ನನಗೆ. ಬಾವಿಯ ರಾಟೆ, ಗಾಡಿಯ ಕೀಲು, ಬೀಸುವ ಕಲ್ಲು, ಒಂದನ್ನೂ ಬಿಡುತ್ತಿರಲಿಲ್ಲ. ಕೇಳಿದವರಿಗೆ ಹೇಳುವುದು ಮೇಷ್ಟ್ರ ಕೆಲಸ, ಕೇಳದವರಿಗೂ ಹೇಳುವುದು ನನ್ನ ಕಾಯಿಲೆ.

ಚಿಕ್ಕತಾಯಮ್ಮ ಎನ್ನುವವರ ಮನೆಯ ಪಡಸಾಲೆ ಪಕ್ಕದ ಕೋಣೆಯಲ್ಲಿ ನನ್ನ ವಾಸ, ಅವರಲ್ಲೇ ಊಟ. ನಲವತ್ತೈದರ ಹೆಂಗಸು, ಗಂಡ ಹೋಗಿ ಆರು ವರ್ಷ. ಎರಡು ಎಕರೆ ಬೆದ್ದಲು ಹೊಲ ಒಬ್ಬರೇ ಮಾಡಿಸುತ್ತಿದ್ದರು. ಮುಂಗಾರಿಗೆ ರಾಗಿ, ಹಿಂಗಾರಿಗೆ ಹುರುಳಿ. ಎತ್ತು ಇರಲಿಲ್ಲ. ಎತ್ತಿಲ್ಲದವರಿಗೆ ಕಣ ಮಾಡಿ ಒಕ್ಕಣೆಯ ಕಲ್ಲುಗುಂಡು ಹೊಡೆಸುವುದು ಎಲ್ಲಿಯ ಮಾತು? ಹಾಗಾಗಿ ಹುರುಳಿ ಕಿತ್ತು ಒಣಗಿಸಿ ಮಡಿಕೇರಿ ರಸ್ತೆಯ ಟಾರಿನ ಮೇಲೆ ಹರವುತ್ತಿದ್ದರು. ಬಸ್ಸು, ಲಾರಿ ಅದರ ಮೇಲೆ ಹರಿದು ಕಾಯಿ ಒಡೆಯಬೇಕು. ಹೆಂಗಸರು ಕವೆಗೋಲಿನಿಂದ ಬಳ್ಳಿ ಮಗುಚಿ, ಸಂಜೆ ಗುಡಿಸಿ, ಮೊರದಲ್ಲಿ ತೂರಿ ಕಾಳು ಮನೆಗೆ ತರಬೇಕು. "ನಮ್ಗೆ ಸರ್ಕಾರಿ ಬಸ್ಸೇ ಎತ್ತು ಕಣ್ರೀ ಮೇಷ್ಟ್ರೆ, ಉಲ್ಲೂ ಕೇಳಲ್ಲ, ನೀರೂ ಕೇಳಲ್ಲ" ಎಂದು ಚಿಕ್ಕತಾಯಮ್ಮ ನಗುತ್ತಿದ್ದರು. ಆ ರಸ್ತೆಯ ಎರಡೂ ಬದಿಯ ಊರುಗಳಲ್ಲಿ ಅದೇ ಪದ್ಧತಿ.

ರಾಜಣ್ಣ ಸಿಕ್ಕಿದ್ದು ದೀಪಾವಳಿಯ ಹಿಂದಿನ ವಾರ. ಹುಣಸೂರಿನಲ್ಲಿ ಮಡಿಕೇರಿ ರಸ್ತೆಯ ಬದಿಯಲ್ಲೇ ಅವನ ಗ್ಯಾರೇಜು. ನಮ್ಮ ಬಸ್ಸು ಕೆಟ್ಟು ಅಲ್ಲಿ ನಿಂತಿತ್ತು. ನನ್ನ ಕೈಯಲ್ಲಿದ್ದ ಭೌತಶಾಸ್ತ್ರದ ಪುಸ್ತಕ ನೋಡಿ, ಗ್ರೀಸು ಮೆತ್ತಿದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಕೇಳಿದ, "ಮೇಷ್ಟ್ರೆ, ಅದ್ರಲ್ಲಿ ಕಾರಿನ ಇಚಾರ ಏನಾರ ಬರ್ದವ್ರಾ?"

ಮೂವತ್ತು ವರ್ಷದ ಆಸಾಮಿ, ಕಡ್ಡಿ ಪೈಲ್ವಾನ. ಬ್ರೇಕಿನ ಕೆಲಸಕ್ಕೆ ಅವನದು ಎತ್ತಿದ ಕೈ. ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ಹುಡುಕಿಕೊಂಡು ಬರುತ್ತಿದ್ದರು. ಕೊಡಗಿನ ತೋಟದ ಯಜಮಾನರೊಬ್ಬರು ತಮ್ಮ ಹಳೆಯ ಕಾರನ್ನು ಓಟದ ಪಂದ್ಯಕ್ಕೆ ಸಜ್ಜು ಮಾಡಿಸಿ, ಓಡಿಸಲು ಅವನಿಗೇ ಕೊಟ್ಟಿದ್ದರು. ಹಿಂದಿನ ವರ್ಷ ಮದರಾಸಿನ ಕಡೆ ಹಿಂದೆ ವಿಮಾನ ಇಳಿಯುತ್ತಿದ್ದ ಪಾಳು ಬಯಲಿನಲ್ಲಿ ನಡೆದ ಪಂದ್ಯದಲ್ಲಿ, ಮೂರನೇ ಸುತ್ತಿಗೇ ಗಿರ್ರನೆ ತಿರುಗಿ ಹುಲ್ಲಿನಲ್ಲಿ ಕೂತಿದ್ದ. ಈ ಸಲವೂ ಹಾಗಾದರೆ ಸ್ಟೀರಿಂಗು ಬೇರೆಯವರ ಕೈಗೆ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಪಂದ್ಯ ಫೆಬ್ರವರಿಯಲ್ಲಿ.

"ತಿರುವಲ್ಲಿ ವಸಿ ಜೋರಾಯ್ತು ಅನ್ನಿಸ್ತದೆ, ಎಕ್ಸಲೇಟ್ರಿಂದ ಕಾಲು ಎತ್ತೀನಿ. ಎತ್ತಿದ್ ತಕ್ಷಣ ಹಿಂದ್ಲ ಭಾಗ ಒದ್ದು ಮುಂದಕ್ಕೆ ಬತ್ತದೆ. ನಿಧಾನ ಮಾಡುದ್ರೆ ಬೀಳ್ತೀನಿ, ಮಾಡ್ದೇ ಓದ್ರೂ ಬೀಳ್ತೀನಿ. ಇದ್ಯಾವ ನ್ಯಾಯ ಹೇಳಿ" ಅಂದ.

ಕೇಳದೆಯೇ ಹೇಳುವವನಿಗೆ ಹೀಗೆ ಕೇಳಿದರೆ ಬಿಡುತ್ತೇನೆಯೇ? ಬಸ್ಸಿನ ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲಿ ಬರೆದೆ. ವೇಗ ಇಳಿಸಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ವಾಲುತ್ತದೆ, ಹಿಂದಿನವು ಹಗುರಾಗುತ್ತವೆ, ಹಗುರಾದ ಚಕ್ರಕ್ಕೆ ನೆಲದ ಹಿಡಿತ ಕಡಿಮೆ, ಅದಕ್ಕೇ ಹಿಂಭಾಗ ಜಾರುತ್ತದೆ ಎಂದೆ. ಇನ್ನೊಂದೂ ಹೇಳಿದೆ. ಟೈರಿಗೆ ನೆಲದ ಮೇಲೆ ಇರುವ ಹಿಡಿತಕ್ಕೆ ಒಂದು ಮಿತಿ ಇದೆ. ನಿಲ್ಲಿಸಲಿಕ್ಕೂ ಅದೇ, ತಿರುಗಿಸಲಿಕ್ಕೂ ಅದೇ.

ರಾಜಣ್ಣ ಸ್ವಲ್ಪ ಹೊತ್ತು ಧೂಳಿನ ಗೆರೆ ನೋಡುತ್ತ ನಿಂತ. "ಅಂದ್ರೆ ತಟ್ಟೇಲಿರಾದು ಒಂದೇ ಮುದ್ದೆ. ಬ್ರೇಕಿಗೆ ಅರ್ಧ ಮುರ್ದು ಕೊಟ್ರೆ ತಿರುವಿಗೆ ಇನ್ನರ್ಧವೇ. ತಿರುವಿಗೆ ಪೂರಾ ಬೇಕು ಅಂದ್ರೆ ಬ್ರೇಕ್ನ ಮೊದ್ಲೇ ಮುಗಿಸ್ಕೋಬೇಕು. ಅಲ್ವಾ?"

ಅಲ್ಲಿಯವರೆಗೆ ನಾನು ಪಾಠ ಮಾಡಿದ್ದ ಯಾರಿಗೂ ಅದು ಅಷ್ಟು ಬೇಗ ಅರ್ಥವಾಗಿರಲಿಲ್ಲ. ನನಗಂತೂ ಅವನ ಮೇಲೆ ಪ್ರೀತಿಯೇ ಹುಟ್ಟಿತು.

ಆ ನವೆಂಬರಿನಿಂದ ಪ್ರತಿ ಭಾನುವಾರ ಮುಂಜಾನೆ ರಾಜಣ್ಣ ಕಾರು ತಂದು ನನ್ನನ್ನು ಎಬ್ಬಿಸುತ್ತಿದ್ದ. ಅಭ್ಯಾಸಕ್ಕೆ ನಾವು ಆರಿಸಿಕೊಂಡದ್ದು ಕೆರೆ ಏರಿಯ ತಿರುವು. ಕಂಪಲಾಪುರದ ಕಡೆಯಿಂದ ಬಂದರೆ ಒಂದು ದಿಬ್ಬ, ದಿಬ್ಬ ಹತ್ತುವ ತನಕ ತಿರುವು ಕಾಣುವುದಿಲ್ಲ. ದಿಬ್ಬ ಇಳಿಯುವಾಗ ಎಡಕ್ಕೆ ಒಂದು ಬನ್ನಿ ಮರ. ಮರದಿಂದ ನೂರು ಹೆಜ್ಜೆಗೆ ರಸ್ತೆ ಏರಿಯ ಮೇಲೆ ಬಂದು ಬಲಕ್ಕೆ ಬಾಗುತ್ತದೆ. ಒಳಬದಿಗೆ ಗದ್ದೆ, ಹೊರಬದಿಗೆ ಕೆರೆ. ತಿರುವು ಶುರುವಾಗುವ ಕಡೆಯಲ್ಲಿ, ರಸ್ತೆ ಬಾಗದೆ ನೆಟ್ಟಗೆ ಹೋಗಿದ್ದರೆ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿ, ದನಗಳು ನೀರಿಗೆ ಇಳಿಯುವ ದಾರಿ ಇತ್ತು. ಅಭ್ಯಾಸ ಮುಗಿದ ಮೇಲೆ ರಾಜಣ್ಣ ಕಾರನ್ನು ಅಲ್ಲೇ ಇಳಿಸಿ ತೊಳೆಯುತ್ತಿದ್ದ.

ಮಂಜು ಹರಿಯುವ ಮೊದಲು ನಾನು ಏರಿಯ ಮೇಲೆ ನಿಂತು ಅವನ ಚಕ್ರದ ಗುರುತು ಓದುತ್ತಿದ್ದೆ. ಬನ್ನಿ ಮರದ ಹತ್ತಿರ ಬ್ರೇಕು, ಅಲ್ಲೇ ಬಿಡುಗಡೆ. ತಿರುವಿಗೆ ಹೊರ ಅಂಚಿನಿಂದ ಬಂದು, ನಡುವೆ ಒಳ ಅಂಚನ್ನು ಮುಟ್ಟಿ, ಮತ್ತೆ ಹೊರಕ್ಕೆ ಹೋಗುವುದು. ಹಾಗೆ ಹೋದರೆ ತಿರುವು ಇದ್ದದ್ದಕ್ಕಿಂತ ಸಡಿಲವಾಗುತ್ತದೆ. ಒಳಗೆ ಇರುವಾಗ ಕಾಲು ಎತ್ತಬಾರದು, ಬ್ರೇಕು ಮುಟ್ಟಬಾರದು, ಸ್ಟೀರಿಂಗನ್ನು ಜಗ್ಗಬಾರದು. ಕೈಕಾಲಿನ ಒರಟುತನ ಹೋಗಲೆಂದು ಚಿಕ್ಕತಾಯಮ್ಮನ ಹಿತ್ತಾಳೆ ಚೊಂಬು ಇಸಕೊಂಡು, ನೀರು ತುಂಬಿ, ಪಕ್ಕದ ಸೀಟಿನ ಕೆಳಗೆ ಹಳೆ ಬಟ್ಟೆಯ ಸಿಂಬಿ ಮಾಡಿ ಕೂರಿಸಿದೆವು. ಚೆಲ್ಲದಂತೆ ತಿರುವು ದಾಟಬೇಕು. ಮೊದಲ ವಾರ ಚೊಂಬು ಖಾಲಿಯಾಗಿ ಬರುತ್ತಿತ್ತು. ಡಿಸೆಂಬರಿನ ಹೊತ್ತಿಗೆ ಕಂಠದವರೆಗೆ ನೀರು ಉಳಿಯುತ್ತಿತ್ತು. ಗಡಿಯಾರ ನೋಡಿದರೆ ಮೊದಲಿಗಿಂತ ಬೇಗ ದಾಟುತ್ತಿದ್ದ.

"ತಿರುವು ಕನ್ನಡಿ ಇದ್ದಂಗೆ ಅದೆ ಮೇಷ್ಟ್ರೆ. ಒಂದು ಕಲ್ಲಿಲ್ಲ, ಮಣ್ಣಿಲ್ಲ" ಅನ್ನುತ್ತಿದ್ದ. ನಿಜ. ಆಗ ಅಲ್ಲಿ ಏನೂ ಇರಲಿಲ್ಲ. ಹುರುಳಿಯನ್ನು ಎಲ್ಲರೂ ಊರ ಮುಂದಿನ ನೇರ ರಸ್ತೆಯಲ್ಲೇ ಹಾಕುತ್ತಿದ್ದರು, ಅದೂ ಹಗಲು.

ಡಿಸೆಂಬರಿನ ಮೂರನೆಯ ಭಾನುವಾರ ಮುಗಿಸಿ ಹೊರಡುವಾಗ, ಇಂಜಿನ್ ಬಿಚ್ಚಬೇಕು, ಹೊಸ ಟೈರಿಗೆ ಯಜಮಾನರ ತೋಟಕ್ಕೂ ಹೋಗಬೇಕು, ಒಂದು ತಿಂಗಳು ಬರುವುದಿಲ್ಲ ಅಂದ. ಸರಿ, ಸಂಕ್ರಾಂತಿ ಕಳೆದ ಮೇಲೆ ಸಿಕ್ಕೋಣ ಅಂದೆ.

ಅದೇ ವಾರ ಒಂದು ಸಂಜೆ ಚಿಕ್ಕತಾಯಮ್ಮ ಮುದ್ದೆ, ಬಸ್ಸಾರು ಬಡಿಸುತ್ತ ಸಿಡಿಮಿಡಿಗೊಂಡಿದ್ದರು. ಮೂರು ದಿನದಿಂದ ಹುರುಳಿ ರಸ್ತೆಯಲ್ಲಿತ್ತು, ಅರ್ಧ ಕಾಯಿ ಒಡೆದಿರಲಿಲ್ಲ. "ಬಸ್ಸು ಸುಯ್ ಅಂತ ಓಯ್ತವೆ. ಮ್ಯಾಕೆ ಮ್ಯಾಕೆ ಓಯ್ತವೆ. ಉಳ್ಳಿ ಅಂಗೇ ಮಲಗದೆ."

ನಾನು ಮುದ್ದೆ ನುಂಗಿ ಬಾಯಿ ಬಿಟ್ಟೆ. ನೇರ ರಸ್ತೆಯಲ್ಲಿ ಚಕ್ರ ಸುಮ್ಮನೆ ಉರುಳುತ್ತದೆ, ಒತ್ತುತ್ತದೆ ಅಷ್ಟೆ. ತಿರುವಿನಲ್ಲಿ ಹಾಗಲ್ಲ, ಸ್ವಲ್ಪ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಅಂಗೈಯಲ್ಲಿ ಅವರೆಕಾಯಿ ಇಟ್ಟು ಒತ್ತಿದರೆ ಬಿಡುವುದಿಲ್ಲ, ಉಜ್ಜಿದರೆ ಬಿಡುತ್ತದೆ. ಕೆರೆ ತಿರುವಿನಲ್ಲಿ ಹಾಕಿ ನೋಡಿ, ಅರ್ಧ ದಿನಕ್ಕೆ ಉದುರುತ್ತದೆ ಎಂದೆ.

ಅದು ಸರಿಯಾದ ಭೌತಶಾಸ್ತ್ರ. ಈಗಲೂ ಅದರಲ್ಲಿ ತಪ್ಪು ಹುಡುಕಲಾರೆ. ಒಂದು ಕಡೆ ರಾಜಣ್ಣನಿಗೆ ಟೈರಿನ ಹಿಡಿತವೇ ಪ್ರಾಣ ಅಂದೆ. ಇನ್ನೊಂದು ಕಡೆ ಚಿಕ್ಕತಾಯಮ್ಮನಿಗೆ ಅದೇ ತಿರುವಿನಲ್ಲಿ, ಟೈರಿನ ಕೆಳಗೆ, ಒಣ ಬಳ್ಳಿ ಹಾಸಿ ಅಂದೆ. ಎರಡೂ ಒಂದೇ ಪಾಠ. ಎರಡನ್ನೂ ಒಂದೇ ಬಾಯಲ್ಲಿ ಹೇಳಿದ ನನಗೆ ಅವನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದು ಆ ಸಂಜೆ ಹೊಳೆಯಲಿಲ್ಲ. ತಟ್ಟೆ ತೊಳೆದಿಟ್ಟು ಹೋಗಿ ಮಲಗಿದೆ.

ಮಾರನೆಯ ದಿನ ಚಿಕ್ಕತಾಯಮ್ಮ ತಿರುವಿಗೆ ಹೋದರು. ಸಂಜೆಗೆ ಕಾಳು ಮನೆಗೆ ಬಂತು. ಎರಡು ದಿನದಲ್ಲಿ ಊರಿಗೆ ಊರೇ ಹುರುಳಿ ಹೊತ್ತು ತಿರುವಿಗೆ ನಡೆಯಿತು. ಜಾಗಕ್ಕೆ ಜಗಳವಾಗಿ, ಚೀಟಿ ಎತ್ತಿ ದಿನಕ್ಕೆ ಎರಡು ಮನೆಯಂತೆ ಸರದಿ ಮಾಡಿಕೊಂಡರು. ನಾನು ಬೀದಿಯಲ್ಲಿ ಹೋದರೆ ಜಗುಲಿಯ ಮೇಲಿದ್ದವರು ಏಳುತ್ತಿದ್ದರು. "ಓದಿರೋರ ಗ್ಯಾನವೇ ಬ್ಯಾರೆ ಬುಡ್ಲಾ" ಎಂದು ಹಿಂದೆ ಆಡಿದ ಮಾತು ಕಿವಿಗೆ ಬಿದ್ದು ನಾನು ಉಬ್ಬಿಹೋದೆ.

ಜನವರಿ ಹುಟ್ಟಿದ ವಾರ ಹಾಲಿನವನ ಸೈಕಲ್ಲು ತಿರುವಿನಲ್ಲಿ ಜಾರಿತು. ಗುಡಿಸಿದ ಮೇಲೂ ಉಳಿದ ಕಾಳಿನ ಮೇಲೆ ಚಕ್ರ ಹೋಗಿತ್ತು. ಹುರುಳಿ ಕಾಳು ಚಪ್ಪಟೆ, ನುಣುಪು. ಇಬ್ಬನಿ ಬಿದ್ದರೆ ಟಾರಿನ ಮೇಲೆ ಅದು ಎಣ್ಣೆಗಿಂತ ಕಡೆ. ಹಾಲಿನವನ ಮೊಣಕೈಯ ಚರ್ಮ ಕಿತ್ತುಬಂತು, ಜನ ನಕ್ಕರು. ಮೂರು ದಿನ ಬಿಟ್ಟು ಒಂದು ಎತ್ತು ಮುಗ್ಗರಿಸಿ ಮೂಗು ಒಡೆದುಕೊಂಡಿತು. ಆಮೇಲೊಂದು ಮಧ್ಯಾಹ್ನ ಮಡಿಕೇರಿ ಬಸ್ಸಿನ ಹಿಂಭಾಗ ಒಂದು ಮಾರು ಕೆರೆಯ ಕಡೆಗೆ ಸರಿದದ್ದನ್ನು ನಾನೇ ನೋಡಿದೆ. ಬಸ್ಸಿನೊಳಗಿನವರಿಗೆ ಗೊತ್ತಾಗಲಿಲ್ಲ. ಡ್ರೈವರಿಗೆ ಗೊತ್ತಾಯಿತು, ಏರಿ ದಾಟಿ ನಿಲ್ಲಿಸಿ ಇಳಿದು, ಬೀಡಿ ಹಚ್ಚಿಕೊಳ್ಳಲು ನಾಲ್ಕು ಕಡ್ಡಿ ಗೀರಿದ.

ಅವತ್ತು ಹತ್ತನೇ ತರಗತಿಯ ಕರಿಹಲಗೆಯ ಮೇಲೆ ಲೆಕ್ಕ ಹಾಕಿದೆ, ಮಕ್ಕಳಿಗೆ ಹೇಳಿಕೊಡುವ ನೆಪದಲ್ಲಿ. ತಿರುವಿನಲ್ಲಿ ನೆಲದ ಹಿಡಿತ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ, ದಾಟಬಹುದಾದ ವೇಗ ಅರ್ಧಕ್ಕೆ ಇಳಿಯುತ್ತದೆ. ಬಸ್ಸಿನವರು ದಿನಾ ಬರುವವರು, ಹುರುಳಿ ಇದೆಯೆಂದು ಗೊತ್ತು, ನಿಧಾನಿಸುತ್ತಾರೆ. ಗೊತ್ತಿಲ್ಲದವನು ಬಂದರೆ? ಕೈಯಲ್ಲಿ ಸೀಮೆಸುಣ್ಣ ಹಾಗೇ ನಿಂತಿತು. ಗೊತ್ತಿಲ್ಲದವನು, ಅದೇ ತಿರುವನ್ನು ಅದರ ಪೂರಾ ವೇಗದಲ್ಲಿ ದಾಟಲು ಕಲಿತವನು, ಒಬ್ಬನೇ ಒಬ್ಬ ಇದ್ದ. ಕಲಿಸಿದವನು ನಾನು.

ಸಂಜೆ ಚಿಕ್ಕತಾಯಮ್ಮನಿಗೆ ಹೇಳಿದೆ, ತಿರುವಿನಲ್ಲಿ ಬೇಡ, ಮೊದಲಿನ ಜಾಗಕ್ಕೇ ಹೋಗೋಣ, ಯಾರಾದರೂ ಕೆರೆಗೆ ಬಿದ್ದಾರು.

"ಈಗೇನು ಮೇಷ್ಟ್ರೆ, ನೀವೇ ಹೇಳಿ ನೀವೇ ಬ್ಯಾಡ ಅಂದ್ರೆ?" ಅಂದರು. "ಜನ ಏನಂದಾರು? ಮೇಷ್ಟ್ರಿಗೂ ತಿಳೀಲಿಲ್ಲ ಅನ್ನಕಿಲ್ವಾ?"

ಅವರು ನನ್ನನ್ನು ಕಾಪಾಡಲೆಂದೇ ಅಂದ ಮಾತು ಅದು. ನಾನು ಅದನ್ನೇ ಹಿಡಿದುಕೊಂಡೆ. ಜಗುಲಿಯಿಂದ ಜಗುಲಿಗೆ ಹೋಗಿ, ನಾನು ಹೇಳಿದ್ದು ತಪ್ಪಾಯಿತು ಎನ್ನಲು ನನಗೆ ನಾಚಿಕೆಯಾಯಿತು. ನಾಚಿಕೆ ಎಂದೆ. ಅದು ಅಷ್ಟೇ ಆಗಿತ್ತು, ಬೇರೆ ದೊಡ್ಡ ಹೆಸರೇನೂ ಅದಕ್ಕೆ ಬೇಡ.

ಇಷ್ಟರಲ್ಲಿ ಊರವರು ಇನ್ನೊಂದು ಜಾಣತನ ಮಾಡಿದರು. ಹುರುಳಿಯನ್ನು ತಪ್ಪಿಸಿ ಅಂಚಿನಲ್ಲಿ ಹೋಗುವ ಗಾಡಿಗಳು ಬಳ್ಳಿಯ ಮೇಲೇ ಹರಿಯಲಿ ಎಂದು, ತಿರುವಿನ ಎರಡೂ ಅಂಚಿಗೆ ತಲೆಗಾತ್ರದ ಕಲ್ಲು ಜೋಡಿಸಿದರು. ದನ ಇಳಿಯುವ ದಾರಿಯೊಂದನ್ನು ಮಾತ್ರ ಬಿಟ್ಟರು. ದನಗಳಿಗೆ ನೀರು ಬೇಕಲ್ಲ.

ರಾಜಣ್ಣನಿಗೆ ಕಾರ್ಡು ಬರೆದೆ: ತಿರುವಿನಲ್ಲಿ ಹುರುಳಿ ಹಾಕುತ್ತಿದ್ದಾರೆ, ಹಗಲು ಹೊತ್ತು ಆ ಕಡೆ ಬರಬೇಡ. ವಿಳಾಸವನ್ನೂ ಬರೆದೆ. ಯಾಕೆ ಹಾಕುತ್ತಿದ್ದಾರೆ ಎಂದು ಅವನು ಕೇಳದೆ ಇರುವವನಲ್ಲ. ಹೇಗಿದ್ದರೂ ಅವನು ಬರುವುದು ಭಾನುವಾರ ಮುಂಜಾನೆ, ಆಗ ರಸ್ತೆ ಗುಡಿಸಿರುತ್ತದೆ, ಎದುರಿಗೆ ಸಿಕ್ಕಾಗ ಹೇಳಿದರಾಯಿತು ಅಂದುಕೊಂಡೆ. ಕಾರ್ಡು ನನ್ನ ನೋಟ್ಸಿನ ಪುಸ್ತಕದಲ್ಲೇ ಉಳಿಯಿತು. ಅಂಚೆ ಡಬ್ಬ ಶಾಲೆಯ ಗೋಡೆಗೇ ನೇತುಬಿದ್ದಿತ್ತು.

ಸಂಕ್ರಾಂತಿ ಕಳೆದ ಮೇಲಿನ ಗುರುವಾರ ಚಿಕ್ಕತಾಯಮ್ಮನ ಕೊನೆಯ ಸರದಿ. ಊಟದ ಬಿಡುವಿನಲ್ಲಿ ನಾನೂ ತಿರುವಿಗೆ ಹೋದೆ. ಸಹಾಯಕ್ಕೆ ಎಂದು ಹೇಳಿಕೊಂಡೆ, ಹೋದದ್ದು ಭಯಕ್ಕೆ. ಅಂದು ಬಿಸಿಲು ಚುರುಕಾಗಿತ್ತು, ಗಾಳಿ ಇರಲಿಲ್ಲ, ಕೆರೆ ಅಲ್ಲಾಡದೆ ಬಿದ್ದಿತ್ತು. ತಿರುವಿನ ನಡುವೆ, ಹೊರ ಅಂಚಿನ ಕಲ್ಲುಗಳ ಪಕ್ಕ ಚಿಕ್ಕತಾಯಮ್ಮ ಮತ್ತು ಇನ್ನಿಬ್ಬರು ಹೆಂಗಸರು ಬಳ್ಳಿ ಮಗುಚುತ್ತಿದ್ದರು. ನಾನು ಅವರ ಜೊತೆಗೇ ನಿಂತೆ. ನಿಲ್ಲಬೇಕಾದದ್ದು ನೂರು ಹೆಜ್ಜೆ ಆಚೆ, ಬನ್ನಿ ಮರದ ಹತ್ತಿರ. ತಿರುವಿಗೆ ಮೊದಲೇ ಬ್ರೇಕು ಎಂದು ಒಂದೂವರೆ ತಿಂಗಳು ಪಾಠ ಹೇಳಿದವನಿಗೆ, ಎಲ್ಲಿ ನಿಲ್ಲಬೇಕೆಂಬುದು ತಿಳಿಯಲಿಲ್ಲ.

ದಿಬ್ಬದಾಚೆಯಿಂದ ಇಂಜಿನ್ನಿನ ಸದ್ದು ಬಂತು. ಬೇರೆ ಯಾವ ಗಾಡಿಗೂ ಆ ಸದ್ದಿರಲಿಲ್ಲ. ತೋಟದಿಂದ ಹೊಸ ಟೈರು ಹಾಕಿಸಿಕೊಂಡು, ಕುಶಾಲನಗರದ ಪಕ್ಕದ ಕೊಪ್ಪ ದಾಟಿ, ಹುಣಸೂರಿಗೆ ಹಿಂತಿರುಗುವ ದಾರಿಯಲ್ಲಿ ನನಗೆ ತೋರಿಸಿ ಹೋಗೋಣ ಎಂದು ರಾಜಣ್ಣ ಬರುತ್ತಿದ್ದ. ತೋಟಕ್ಕೆ ಹೋಗುವಾಗ ರಾತ್ರಿ ಮೆಲ್ಲಗೆ ದಾಟಿದ್ದನಂತೆ, ಆಗ ರಸ್ತೆ ಗುಡಿಸಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಸದ್ದು ಮಾತ್ರ, ಸದ್ದಿನಿಂದ ವೇಗ.

ನಾನು ಎರಡೂ ಕೈ ಮೇಲೆತ್ತಿ ಕೂಗಿದೆ. ಕಾರು ದಿಬ್ಬದ ಮೇಲೆ ಕಂಡಿತು. ಬನ್ನಿ ಮರದ ಹತ್ತಿರ ಮೂತಿ ತಗ್ಗಿಸಿತು. ಬ್ರೇಕು ಅಲ್ಲೇ, ನಾವು ಗುರುತು ಮಾಡಿದ ಜಾಗದಲ್ಲೇ, ಅಳತೆಗೆ ಸರಿಯಾಗಿ. ಬರಿ ಟಾರಿನ ತಿರುವಿಗೆ ಅಷ್ಟು ಸಾಕಿತ್ತು. ಅಲ್ಲಿಂದ ಮುಂದೆ ತಿರುವಿನಲ್ಲಿ ಹುರುಳಿ, ಬಿಸಿಲ ಝಳಕ್ಕೆ ದೂರದಿಂದ ಟಾರಿನಂತೆಯೇ ಕಾಣುವುದು. ಅದನ್ನು ಅವನು ಕಂಡದ್ದು ಆಗಲೇ ಇರಬೇಕು, ಬಳ್ಳಿ ಶುರುವಾಗಲು ಹತ್ತು ಮಾರು ಇರುವಾಗ.

ಬೇರೆ ಯಾರಿದ್ದರೂ ಬ್ರೇಕು ತುಳಿಯುತ್ತಿದ್ದರು, ಇಲ್ಲವೇ ಸ್ಟೀರಿಂಗು ಎಳೆಯುತ್ತಿದ್ದರು. ಯಾವುದನ್ನು ಮಾಡಿದ್ದರೂ ಕಾರು ಬಳ್ಳಿಯ ಮೇಲೆ ಅಡ್ಡಲಾಗಿ ತಿರುಗಿ, ಜಾರಿ, ತಿರುವಿನ ಹೊರ ಅಂಚನ್ನೆಲ್ಲ ಗುಡಿಸಿಕೊಂಡು ಬರುತ್ತಿತ್ತು. ಅಂಚಿನಲ್ಲಿ ಮೂವರು ಹೆಂಗಸರು ಮತ್ತು ನಾನು. ರಾಜಣ್ಣ ಬ್ರೇಕು ಮುಟ್ಟಲಿಲ್ಲ. ತಿರುಗಿಸಲಿಲ್ಲ. ಕಾರು ಬಳ್ಳಿಯ ಮೇಲೆ ನೆಟ್ಟಗೆ, ಗೆರೆ ಎಳೆದ ಹಾಗೆ ಬಂದು, ಕಲ್ಲುಗಳ ನಡುವಿನ ದನದ ದಾರಿಯಲ್ಲಿ ಇಳಿದು ಕೆರೆಗೆ ಹೋಯಿತು. ಚಿಕ್ಕತಾಯಮ್ಮನಿಂದ ಎಂಟು ಹತ್ತು ಮಾರು ದೂರದಲ್ಲಿ.

ನನ್ನ ಕೈ ಇನ್ನೂ ಮೇಲೇ ಇತ್ತು.

ಗದ್ದೆಯಿಂದ ಓಡಿ ಬಂದವರಲ್ಲಿ ಈಜು ಬಲ್ಲವರು ಧುಮುಕಿದರು. ಮೇಲೆ ತಂದಾಗ ಉಸಿರಿರಲಿಲ್ಲ. ಸ್ಟೀರಿಂಗಿನ ಪೆಟ್ಟು ಎದೆಗೆ ಬಿದ್ದಿತ್ತು. ಮೂರು ಜೋಡಿ ಎತ್ತು ಕಟ್ಟಿ, ಸರಪಳಿ ಹಾಕಿ ಕಾರು ಎಳೆಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸೀಟಿನ ಕೆಳಗೆ ಬಟ್ಟೆಯ ಸಿಂಬಿಯೊಳಗೆ ಚಿಕ್ಕತಾಯಮ್ಮನ ಚೊಂಬು ಹಾಗೇ ಕೂತಿತ್ತು, ಕೆರೆಯ ನೀರು ತುಂಬಿಕೊಂಡು.

ಪೊಲೀಸಿನವರು ಬಂದು ರಸ್ತೆ ನೋಡಿದರು. ಬಳ್ಳಿಯ ಮೇಲೆ ಎರಡು ನೇರ ಗೆರೆ. "ಬ್ರೇಕೇ ಹಿಡ್ದಿಲ್ಲ" ಅಂದರು ಒಬ್ಬರು. "ಬ್ರೇಕ್ ಫೇಲ್ ಆಗದೆ, ಬರ್ಕೊ." ಆ ಗೆರೆಯನ್ನು ಓದಲು ಬರುತ್ತಿದ್ದವನು ಅಲ್ಲಿ ನಾನೊಬ್ಬನೇ. ಬ್ರೇಕು ಸರಿಯಾಗಿತ್ತು, ಬನ್ನಿ ಮರದ ಹತ್ತಿರ ಹಿಡಿದಿತ್ತು, ಬೇಕೆಂದೇ ಆಮೇಲೆ ಹಿಡಿಯಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ತಿರುವಿನಲ್ಲಿ ಹುರುಳಿ ಯಾಕೆ ಬಂತು ಎಂಬ ಪ್ರಶ್ನೆ ಬರುತ್ತಿತ್ತು. ಹೇಳದಿದ್ದರೂ ಬಂತು.

"ಇಲ್ಲಿ ಹಾಕಿ ಅಂತ ಯಾರಮ್ಮ ಹೇಳಿದ್ದು?"

ಚಿಕ್ಕತಾಯಮ್ಮ ನನ್ನ ಕಡೆ ನೋಡಲೇ ಇಲ್ಲ. "ಯಾರೂ ಏಳ್ಲಿಲ್ಲ ಸ್ವಾಮಿ. ನಮ್ಮಪ್ಪ ತಾತನ ಕಾಲ್ದಿಂದ್ಲೂ ಇಲ್ಲೇ ಆಕಾದು" ಅಂದರು. ಇಬ್ಬರು ಹೆಂಗಸರೂ ತಲೆಯಾಡಿಸಿದರು. ಸುತ್ತ ನಿಂತ ಊರೂ ತಲೆಯಾಡಿಸಿತು. ನಾನು ಬಾಯಿ ತೆರೆಯಲಿಲ್ಲ. ಬೆರಳ ತುಂಬ ಬೆಳಗಿನ ಪಾಠದ ಸೀಮೆಸುಣ್ಣ ಇತ್ತು, ಅದನ್ನು ಪಂಚೆಗೆ ಒರೆಸಿಕೊಂಡೆ.

ಬ್ರೇಕಿನ ಕೆಲಸದಲ್ಲಿ ಹೆಸರು ಮಾಡಿದವನು ತನ್ನ ಬ್ರೇಕು ಕೆಟ್ಟೇ ಸತ್ತ ಎಂಬ ಮಾತು ಹುಣಸೂರಿನ ಬಾಯಲ್ಲೆಲ್ಲ ಓಡಾಡಿತು. ಗ್ಯಾರೇಜಿಗೆ ಗಾಡಿಗಳು ಬರುವುದು ನಿಂತಿತು. ಅವನ ತಮ್ಮ ಬಾಗಿಲು ಹಾಕಿ ಬೇರೆ ಕೂಲಿ ಹುಡುಕಿಕೊಂಡ. ಹನ್ನೊಂದನೇ ದಿನ ಕಳೆದ ಮೇಲೆ ನಾನು ರಾಜಣ್ಣನ ಹೆಂಡತಿ ಸಾವಿತ್ರಮ್ಮನನ್ನು ನೋಡಲು ಹೋದೆ. ಹೊಸ್ತಿಲ ಹೊರಗೇ ನಿಂತು, ಬ್ರೇಕು ಸರಿಯಾಗಿತ್ತು, ನಾನೇ ನೋಡಿದೆ, ಹಿಡಿದಿದ್ದರೆ ನಾವು ನಾಲ್ಕು ಜನ ಹೋಗುತ್ತಿದ್ದೆವು ಅಂದೆ. ಅಲ್ಲಿಗೆ ಹುರುಳಿ ತಂದವನು ನಾನು ಎನ್ನುವುದನ್ನೂ ಹೇಳಿದೆ.

ಆಕೆ ಮೆಲ್ಲಗೆ ಕೇಳಿದರು, "ಬ್ರೇಕ್ ಸರ್ಯಾಗಿತ್ತು ಅಂತ ನಂಗೆ ಗೊತ್ತು ಮೇಷ್ಟ್ರೆ. ಅವ್ರು ಕಟ್ಟಿದ್ದಲ್ವಾ. ನೀವು ಈ ಮಾತ್ನ ಪೊಲೀಸ್ನೋರ ಮುಂದೆ ಯಾಕೆ ಏಳ್ಲಿಲ್ಲ?"

ಮರುದಿನ ಹೋಗಿ ಬರೆದು ಕೊಡುತ್ತೇನೆ ಅಂದೆ. ಆ ಮರುದಿನ ಬರಲೇ ಇಲ್ಲ. ಬೇಸಿಗೆಗೆ ವರ್ಗ ಕೇಳಿಕೊಂಡು ಎಚ್.ಡಿ. ಕೋಟೆಯ ಕಡೆಗೆ ಹೋದೆ. ಹೊರಡುವ ದಿನ ಚಿಕ್ಕತಾಯಮ್ಮ ಒಂದು ಸೇರು ಹುರುಳಿ ಗಂಟು ಕಟ್ಟಿ ಕೊಟ್ಟು, "ತಿರುವಿಂದಲ್ಲ, ಕೋಲಲ್ಲಿ ಬಡ್ದದ್ದು" ಅಂದರು. ಚೊಂಬನ್ನು ಅವರು ಹುಣಸೆಹಣ್ಣು ಹಾಕಿ ಬೆಳಗಿ ಅಟ್ಟದ ಮೇಲೆ ಇಟ್ಟಿದ್ದರು, ಮತ್ತೆ ಬಳಸಲಿಲ್ಲ.

ಇಷ್ಟೂ ನೆನಪಾದದ್ದು ಹೋದ ಮಾಗಿಯಲ್ಲಿ, ಅದೇ ಏರಿಯ ಮೇಲೆ ಕಾರಿನಿಂದ ಇಳಿದು ನಿಂತಾಗ. ರಸ್ತೆ ಅಗಲವಾಗಿದೆ, ಬಾಗು ಅದೇ. ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳು ಕವೆಗೋಲು ಹಿಡಿದು ಬಳ್ಳಿ ಮಗುಚುತ್ತಿದ್ದಳು. ಅಂಚಿಗೆ ಕಲ್ಲು ಜೋಡಿಸಿತ್ತು.

"ಊರ ಮುಂದೆ ನೇರ ರಸ್ತೆ ಇದೆಯಲ್ಲಮ್ಮ, ಇಲ್ಲಿ ಯಾಕೆ ಹಾಕಿದ್ದೀರಿ?"

"ಅಲ್ಲಿ ಉದುರಾಕಿಲ್ಲ ಕಣಜ್ಜ. ತಿರುವಲ್ಲಿ ಚಕ್ರ ಉಜ್ತದಲ್ಲ, ಜಲ್ದಿ ಉದುರ್ತದೆ. ಇಂದೆ ಯಾರೋ ಮೇಷ್ಟ್ರು ಏಳ್ಕೊಟ್ಟಿದ್ರಂತೆ, ನಮ್ಮತ್ತೆ ಏಳ್ತಿದ್ರು."

ನಾನು ಕಲಿಸಿದ ಮಕ್ಕಳು ಎಷ್ಟೋ. ಅವರಿಗೆ ಹೇಳಿದ ಪಾಠ ಎಷ್ಟು ಉಳಿಯಿತೋ ಗೊತ್ತಿಲ್ಲ. ಇದು ಮಾತ್ರ ಅತ್ತೆಯಿಂದ ಸೊಸೆಗೆ ಇಳಿದು ಬಂದಿತ್ತು.

"ಆ ಮೇಷ್ಟ್ರು ನಾನೇ ಕಣಮ್ಮ" ಅಂದೆ. "ಹೇಳಬಾರದಿತ್ತು. ಆ ವರ್ಷ ಇಲ್ಲೇ ಒಬ್ಬನು ಸತ್ತ. ಅವನ ಬ್ರೇಕು ಕೆಟ್ಟಿರಲಿ‍ಲ್ಲ."

ಆಕೆ ಕೋಲು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಬಿಸಿಲಿಗೆ ಮುದುಕನ ತಲೆ ಕೆಟ್ಟಿರಬೇಕು ಅಂದುಕೊಂಡಳೋ ಏನೋ. "ಸರ್ಯಾಗೇ ಏಳವ್ರೆ ಬುಡಿ ಅಜ್ಜ. ಎಂಗೆ ಉದುರದೆ ನೋಡಿ" ಎಂದು ಬಳ್ಳಿ ಎತ್ತಿ ತೋರಿಸಿದಳು. ಕಾಳು ಟಾರಿನ ಮೇಲೆ ಹರಡಿ ಬಿದ್ದಿತ್ತು, ದನದ ದಾರಿಯವರೆಗೂ.

ದಿಬ್ಬದಾಚೆ ಎಲ್ಲೋ ದೂರದಲ್ಲಿ ಗಾಡಿಯೊಂದರ ಸದ್ದು ಕೇಳಿಸಿತು. ಆಕೆಗೆ ಇನ್ನೂ ಕೇಳಿಸಿರಲಿಲ್ಲ. ನಾನು ಹೆಗಲ ಮೇಲಿನ ಶಲ್ಯ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಬನ್ನಿ ಮರ ಈಗ ಇಲ್ಲ, ಆದರೆ ಎಲ್ಲಿತ್ತೆಂದು ನನಗೆ ಗೊತ್ತು. ತಿರುವಿನಿಂದ ನೂರು ಹೆಜ್ಜೆ. ಮೊಣಕಾಲು ನೋಯುತ್ತಿತ್ತು, ಆದಷ್ಟು ಬೇಗ ನಡೆಯತೊಡಗಿದೆ.